ಪಾಸಾದ ಪುರಿ, ನಪಾಸಾದ ಏರ್ ಫ್ರೈಯರ್

ಹಿಂದೂಪುರದಿಂದ ಮಡಕಶಿರಾ ಮೇಲೆ ಕಲ್ಯಾಣದುರ್ಗಕ್ಕೆ ಹೊರಟರೆ ನಡುವೆ ಪಾವಗಡ ಸಿಗುತ್ತದೆ. ಆಂಧ್ರದಲ್ಲಿ ಬಸ್ಸು ಹತ್ತಿ, ಕರ್ನಾಟಕ ಹೊಕ್ಕು, ಮತ್ತೆ ಆಂಧ್ರದಲ್ಲೇ ಇಳಿಯಬೇಕು. ದಾರಿಯಲ್ಲಿ ಬೋರ್ಡುಗಳ ಲಿಪಿ ಎರಡು ಸಲ ಬದಲಾಗುತ್ತದೆ. ಅಂಗಡಿ ಮುಂದೆ ತೂಗುವ ಚಿಪ್ಸ್ ಪೊಟ್ಟಣಗಳ ಸರ ಮಾತ್ರ ಎಲ್ಲೂ ಬದಲಾಗುವುದಿಲ್ಲ. ನನ್ನ ಮನೆ ಈ ದಾರಿಯ ಒಂದು ತುದಿಯಲ್ಲಿ, ತವರು ಇನ್ನೊಂದು ತುದಿಯಲ್ಲಿ. ನಡುವೆ ಕಿಟಕಿ ಸೀಟಿಗೆ ಜಗಳವಾಡುವ ಇಬ್ಬರು ಮಕ್ಕಳು: ಐದನೇ ಕ್ಲಾಸಿನ ಮಗಳು, ಒಂದನೇ ಕ್ಲಾಸಿನ ಮಗ.

ಮಕ್ಕಳನ್ನು ಸಾಕುವುದು ಈಗ ಅರ್ಧ ಖರೀದಿಯ ಕೆಲಸವಾಗಿದೆ. ಮಿದುಳು ಚುರುಕು ಮಾಡುವ ಬಿಸ್ಕತ್ತು, ಎಣ್ಣೆಯೇ ಬೇಡದ ಒಲೆ, ಆಡುತ್ತಾ ಕಲಿಸುವ ಟ್ಯಾಬು, ವಾರಾಂತ್ಯಕ್ಕೆ ಬೆಂಗಳೂರಿನ ಮಾಲು. ಇವುಗಳಲ್ಲಿ ಹಲವನ್ನು ನಾವೂ ಮನೆಗೆ ತಂದು ಪರೀಕ್ಷೆಗೆ ಒಡ್ಡಿದ್ದೇವೆ. ಪರೀಕ್ಷೆಯ ನಿಯಮ ಒಂದೇ. ಎರಡನೇ ಸಲ ನಾನು ಮುಂದಿಡಬಾರದು, ಅವರೇ ಕೇಳಬೇಕು. ಹೀಗೆ ಸೋಸುತ್ತಾ ಹೋದಾಗ ಕಂಡದ್ದಿಷ್ಟು: ಮಕ್ಕಳ ಕೈಗೆ ಏನಾದರೂ ಕೆಲಸ ಕೊಟ್ಟ ತಿಂಡಿ ಉಳಿಯಿತು, ಕೆಲಸ ಕೊಟ್ಟ ಸಾಮಾನು ಉಳಿಯಿತು, ಕೆಲಸ ಕೊಟ್ಟ ಜಾಗಕ್ಕೆ ಮತ್ತೆ ಹೋಗೋಣ ಅಂದರು. ಸುಮ್ಮನೆ ಕೂತು ತಿನ್ನುವ, ಸುಮ್ಮನೆ ಕೂತು ನೋಡುವ ಸರಕು ಎಷ್ಟೇ ಬೆಲೆಯದ್ದಾದರೂ ಹೆಚ್ಚು ದಿನ ಬಾಳಲಿಲ್ಲ.

ತಿಂಡಿಯಿಂದಲೇ ಶುರು ಮಾಡೋಣ.

ನಮ್ಮದು ಕಡ್ಲೆಕಾಯಿ ಸೀಮೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯ ಅನ್ನುವ ಕೆಂಪು ನೆಲದಲ್ಲಿ ತಲೆಮಾರುಗಳಿಂದ ಜನ ನಂಬಿಕೊಂಡ ಬೆಳೆ ಅದು. ಮುಂಗಾರಿನಲ್ಲಿ ಬಿತ್ತಿ ದೀಪಾವಳಿ ಆಸುಪಾಸಿಗೆ ಕೀಳುತ್ತಾರೆ. ಕದಿರಿಯ ಕೃಷಿ ಸಂಶೋಧನಾ ಕೇಂದ್ರ ಹೊರತಂದ ಒಂದು ತಳಿಗೆ ‘ಕದಿರಿ ಲೇಪಾಕ್ಷಿ’ ಅಂತಲೇ ಹೆಸರು. ಗಿಡ ಕಿತ್ತ ವಾರದಲ್ಲಿ ಕಲ್ಯಾಣದುರ್ಗದ ತವರುಮನೆಯ ಜಗಲಿ ಮೇಲೆ ಹಸಿ ಕಾಯಿಯ ರಾಶಿ ಬಿದ್ದಿರುತ್ತದೆ. ಮಣ್ಣು ತೊಳೆದು, ಕಲ್ಲುಪ್ಪು ಹಾಕಿ ಬೇಯಿಸಿ, ಬಿಸಿಯಾಗಿರುವಾಗಲೇ ಮೊರಕ್ಕೆ ಸುರಿದರೆ ಸಾಕು, ಮಕ್ಕಳನ್ನು ಕರೆಯುವುದೇ ಬೇಡ. ಒಂದೊಂದೇ ಕಾಯಿ ಒತ್ತಿ, ಒಡೆದು, ಉಪ್ಪುನೀರು ಹೀರಿ, ಬೀಜ ತೆಗೆದು ತಿನ್ನಬೇಕು. ಚಿಪ್ಸ್ ಆದರೆ ಟಿವಿ ನೋಡುತ್ತಾ ಹಿಡಿ ಹಿಡಿಯಾಗಿ ಒಳಗೆ ಹೋಗುತ್ತದೆ. ಕಡ್ಲೆಕಾಯಿ ಅಷ್ಟು ವೇಗಕ್ಕೆ ಬಿಡುವುದಿಲ್ಲ. ಹೊಟ್ಟೆ ಸಾಕು ಅನ್ನುವುದಕ್ಕೆ ಮೊದಲೇ ಬೆರಳು ಸಾಕು ಅನ್ನುತ್ತದೆ. ಒಣ ಬೀಜದ ತೂಕದಲ್ಲಿ ಕಾಲು ಭಾಗ ಪ್ರೊಟೀನು, ಅರ್ಧದಷ್ಟು ಎಣ್ಣೆ. ಹಾಗಾಗಿ ಈ ನಿಧಾನ ಒಳ್ಳೆಯದೇ.

ಎರಡು ಎಚ್ಚರಿಕೆ. ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ. ಇನ್ನೊಂದು, ಮುಗ್ಗಲು ಹಿಡಿದ, ಮುರುಟಿದ, ಕಹಿಯಾದ ಬೀಜವನ್ನು ‘ಹುರಿದರೆ ಸರಿಹೋಗ್ತದೆ’ ಅಂತ ಉಳಿಸಬಾರದು. ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತಾಗ, ಅವುಗಳ ಮೇವಿನಲ್ಲಿದ್ದ ಕಡ್ಲೆಕಾಯಿ ಹಿಂಡಿಯನ್ನು ಜಾಲಾಡಿಯೇ ವಿಜ್ಞಾನಿಗಳು ಈ ವಿಷವನ್ನು ಪತ್ತೆ ಹಚ್ಚಿದ್ದು. ನಮ್ಮಮ್ಮನಿಗೆ ಟರ್ಕಿ ಕೋಳಿಯ ಕಥೆ ಗೊತ್ತಿಲ್ಲ. ಆದರೆ ಮೊರದಲ್ಲಿ ಕಾಯಿ ಕೇರುತ್ತಾ ಕಪ್ಪಾದದ್ದನ್ನು ಬೇರೆ ಮಾಡುವ ಕೆಲಸವನ್ನು ಮೊಮ್ಮಗಳಿಗೆ ಒಪ್ಪಿಸಿದ್ದಾಳೆ. ತಪ್ಪಿ ಒಂದು ಕೆಟ್ಟ ಬೀಜ ಉಳಿದರೆ ಅಜ್ಜಿಯ ಕೈಲಿ ಬೈಸಿಕೊಳ್ಳುವ ಹಕ್ಕೂ ಅವಳದೇ.

ಅದೇ ಕಡ್ಲೆಬೀಜಕ್ಕೆ ಬೆಲ್ಲ ಸೇರಿಸಿದ ಚಿಕ್ಕಿ ಇಲ್ಲಿ ಸರ್ಕಾರಿ ಶಾಲೆಯ ತಿಂಡಿಯೂ ಹೌದು. 2020ರಲ್ಲಿ ಆಂಧ್ರ ಸರ್ಕಾರ ಬಿಸಿಯೂಟಕ್ಕೆ ‘ಜಗನನ್ನ ಗೋರುಮುದ್ದ’ ಅಂತ ಹೆಸರಿಟ್ಟು, ವಾರಕ್ಕೆ ಮೂರು ದಿನ ಚಿಕ್ಕಿ ಕೊಡಲು ಶುರು ಮಾಡಿತು. 2023ರ ಮಾರ್ಚ್‌ನಲ್ಲಿ ಪುಟ್ಟಪರ್ತಿಯ ಶ್ರೀ ಸತ್ಯಸಾಯಿ ಸೆಂಟ್ರಲ್ ಟ್ರಸ್ಟ್ ಜೊತೆ ಸೇರಿ, ಉಳಿದ ಮೂರು ದಿನಕ್ಕೆ ರಾಗಿ ಜಾವ ಸೇರಿಸಿತು. 2024ರಲ್ಲಿ ಸರ್ಕಾರ ಬದಲಾಯಿತು, ಯೋಜನೆಗೆ ಗೋದಾವರಿ ಸೀಮೆಯ ಅನ್ನದಾತೆ ಡೊಕ್ಕಾ ಸೀತಮ್ಮನ ಹೆಸರು ಬಂತು. ಹೆಸರು ಯಾರದಿದ್ದರೇನು, ರಾಗಿ ಮುದ್ದೆ ಉಣ್ಣುವ ನಾಡಿನ ಮಕ್ಕಳಿಗೆ ರಾಗಿ, ಕಡ್ಲೆಕಾಯಿ ಬೆಳೆಯುವ ನಾಡಿನ ಮಕ್ಕಳಿಗೆ ಚಿಕ್ಕಿ ಸಿಗುವುದು ಸರಿಯಾದದ್ದೇ. ಆದರೆ ಬೆಲ್ಲ ಹಾಕಿದ್ದೆಲ್ಲ ಔಷಧ ಎಂಬ ವಾಟ್ಸ್ಆ್ಯಪ್ ಪಾಂಡಿತ್ಯವನ್ನು ನಾನು ಒಪ್ಪುವುದಿಲ್ಲ. ಹಿಂದೂಪುರ ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ವ್ಯಾಪಾರಕ್ಕೆ ಹೆಸರಾದ ಊರು. ಆ ಊರಿನವಳಾಗಿಯೇ ಹೇಳುತ್ತೇನೆ: ಬೆಲ್ಲದ ಬಹುಪಾಲು ಸಕ್ಕರೆಯೇ. ರುಚಿ ಇದೆ, ತಿನ್ನಿ. ಸಕ್ಕರೆ ಅಂತ ಲೆಕ್ಕವಿಟ್ಟು ತಿನ್ನಿ.

ಇನ್ನು ಪೊಟ್ಟಣದ ತಿಂಡಿ. ಇದನ್ನು ಮನೆಯಿಂದ ಗಡೀಪಾರು ಮಾಡಲು ಹೋಗಬೇಡಿ, ಆಗುವುದಿಲ್ಲ. ಅದರ ಬದಲು ಮಕ್ಕಳಿಗೆ ಹಿಂಬದಿ ಓದಲು ಕಲಿಸಿ. ನಮ್ಮ ದೇಶದ ನಿಯಮದಂತೆ ಒಳಗಿರುವ ಪದಾರ್ಥಗಳ ಹೆಸರನ್ನು ತೂಕದಲ್ಲಿ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಬರೆಯಬೇಕು. ಇಷ್ಟು ಗೊತ್ತಾದ ಮೇಲೆ ಮಗಳು ಅಂಗಡಿಯಲ್ಲಿ ಇನ್‌ಸ್ಪೆಕ್ಟರ್ ಆಗಿಬಿಟ್ಟಳು. ಮುಂದೆ ದೊಡ್ಡದಾಗಿ ರಾಗಿ ಚಿತ್ರ, ಹಿಂದೆ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ಪಾಮ್ ಎಣ್ಣೆ, ಆಮೇಲೆ ಎಲ್ಲೋ ರಾಗಿ. ‘ಅಮ್ಮ, ಇದು ಸುಳ್ಳು ಬಿಸ್ಕತ್ತು’ ಅಂತ ಅಂಗಡಿಯವರ ಎದುರಿಗೇ ಘೋಷಿಸಿದಳು. ಅವರು ನಕ್ಕು, ‘ಇವಳನ್ನ ಕರಕೊಂಡು ಬರಬೇಡಿ ಕಣಕ್ಕ, ವ್ಯಾಪಾರ ಕೆಡ್ತದೆ’ ಅಂದರು. ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿಯಿರುವ ತಿಂಡಿಯನ್ನು ಶಾಲೆಯೊಳಗೂ, ಶಾಲೆ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದೆಂದು 2020ರಲ್ಲೇ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ಯಾವ ಊರಿನ ಶಾಲೆ ಗೇಟಿನ ಮುಂದೆ ಬೇಕಾದರೂ ನಿಂತು ನೋಡಿ, ನಿಯಮ ಎಷ್ಟು ದೂರದಲ್ಲಿದೆ ಅಂತ ಗೊತ್ತಾಗುತ್ತದೆ. ಜಾತ್ರೆಯ ಕಡುಗುಲಾಬಿ ಬಾಂಬೆ ಮಿಠಾಯಿ ಮಾತ್ರ ನಮ್ಮ ಮನೆಯಲ್ಲಿ ಚರ್ಚೆಯಿಲ್ಲದೆ ಬಂದ್. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಅದರೊಳಗಿನ ರೋಡಮಿನ್ ಬಿ ಬಣ್ಣವನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ಬಣ್ಣಕ್ಕೆ ಪಾವಗಡದ ಗಡಿ ದಾಟಿದ ಮಾತ್ರಕ್ಕೆ ಒಳ್ಳೆಯ ಗುಣ ಬರುವುದಿಲ್ಲ.

ಎಲ್ಲ ಪರೀಕ್ಷೆಯಲ್ಲೂ ಮೊದಲ ದರ್ಜೆಯಲ್ಲಿ ಪಾಸಾದದ್ದು ಉಗ್ಗಾನಿ. ಬಳ್ಳಾರಿ, ದಾವಣಗೆರೆಯವರು ಒಗ್ಗರಣೆ ಮಂಡಕ್ಕಿ ಅನ್ನುವುದರ ರಾಯಲಸೀಮೆಯ ನೆಂಟ. ಪುರಿಯನ್ನು ನೀರಿಗೆ ಹಾಕಿ, ಮುಳುಗುತ್ತಿದ್ದಂತೆ ತೆಗೆದು ಹಿಂಡಬೇಕು. ಹಿಂಡುವ ಕೆಲಸ ಮಗನದು. ಪುಟ್ಟ ಕೈಯ ಬಲ ಇದಕ್ಕೆ ಹೇಳಿ ಮಾಡಿಸಿದ್ದು. ನಾನು ಹಿಂಡಿದರೆ ಮುದ್ದೆಯಾಗುತ್ತದೆ, ಅವನು ಹಿಂಡಿದರೆ ನೀರು ಹೋಗಿ ಪುರಿ ಉಳಿಯುತ್ತದೆ. ಹುರಿಗಡಲೆ, ಒಣಕೊಬ್ಬರಿ, ಎರಡು ಎಸಳು ಬೆಳ್ಳುಳ್ಳಿ ಹಾಕಿ ಮಿಕ್ಸಿಯಲ್ಲಿ ತರಿತರಿ ಪುಡಿ ಮಾಡುವುದು ಮಗಳ ಕೆಲಸ. ಒಲೆ ಮುಂದೆ ನಾನು: ಎಣ್ಣೆ, ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ. ಈರುಳ್ಳಿ ಬೆಂದಾಗ ಹಿಂಡಿದ ಪುರಿ, ಮೇಲೆ ಪುಡಿ, ಕೆಳಗಿಳಿಸಿ ನಿಂಬೆರಸ. ಒಲೆ ಹಚ್ಚಿದ ಮೇಲೆ ಹತ್ತು ನಿಮಿಷದ ಕೆಲಸ. ಹೋಟೆಲಿನಲ್ಲಿ ಜೊತೆಗೆ ಮೆಣಸಿನಕಾಯಿ ಬಜ್ಜಿ ಬರುತ್ತದೆ, ಬಜ್ಜಿಯಿಲ್ಲದ ಉಗ್ಗಾನಿಯನ್ನು ಅನಂತಪುರದವರು ಉಗ್ಗಾನಿ ಅಂತ ಒಪ್ಪುವುದೂ ಇಲ್ಲ. ಮಕ್ಕಳಿಗೆ ನಾನು ಆಲೂಗಡ್ಡೆ ಬಜ್ಜಿ ಮಾಡುತ್ತೇನೆ. ‘ಇದು ಮೋಸ’ ಅಂತ ಅವರಪ್ಪ ಗೊಣಗುತ್ತಾರೆ, ತಟ್ಟೆ ಮಾತ್ರ ಖಾಲಿಯಾಗುತ್ತದೆ.

ಡಬ್ಬಿಯೊಳಗಿನ ಯಂತ್ರ, ಡಬ್ಬಿಯೊಳಗಿನ ಹುಳು

ಏರ್ ಫ್ರೈಯರ್ ಬಂದದ್ದು ನಿಪ್ಪಟ್ಟಿನ ಆಸೆಗೆ. ಎಣ್ಣೆ ಬಾಣಲೆ ಇಡದೆ ಗರಿಗರಿ ನಿಪ್ಪಟ್ಟು ಎಂದು ಜಾಹೀರಾತು ತೋರಿಸಿತ್ತು. ಹೆಸರಿನಲ್ಲಿ ಕರಿಯುವ ಮಾತಿದ್ದರೂ ಅದು ಕರಿಯುವ ಯಂತ್ರವೇ ಅಲ್ಲ. ಫ್ಯಾನು ಹಾಕಿದ ಪುಟ್ಟ ಓವನ್. ಕಾದ ಗಾಳಿ ಸುತ್ತಿ ಸುತ್ತಿ ಮೇಲ್ಮೈಯನ್ನು ಒಣಗಿಸುತ್ತದೆ. ಬಾಣಲೆಯಲ್ಲಿ ನಡೆಯುವುದೇ ಬೇರೆ. ಹಿಟ್ಟು ಬಿಸಿ ಎಣ್ಣೆಗೆ ಬಿದ್ದೊಡನೆ ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ, ಅದು ಬಿಟ್ಟ ಸಂದುಗಳಿಗೆ ಎಣ್ಣೆ ಸೇರುತ್ತದೆ. ನಿಪ್ಪಟ್ಟು ಬಾಯಲ್ಲಿ ಪುಡಿಯಾಗುವುದು ಆ ಸಂದುಗಳಿಂದ. ಏರ್ ಫ್ರೈಯರಿನಿಂದ ಹೊರಬಂದದ್ದನ್ನು ನಮ್ಮಮ್ಮ ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ ನೋಡಿ, ‘ಅಲ್ಲ ಕಣೆ, ಇದನ್ನ ತಿನ್ನೋದಾ, ಬಾಗಿಲಿಗೆ ಒತ್ತು ಕೊಡೋದಾ?’ ಅಂದಳು.

ಅನ್ಯಾಯ ಮಾಡಬಾರದು. ಹಪ್ಪಳ ಚೆನ್ನಾಗಿ ಬರುತ್ತದೆ. ಸಿಹಿಗೆಣಸಿನ ಹೋಳು ಸೊಗಸಾಗಿ ಬರುತ್ತದೆ. ಕಡ್ಲೆಬೀಜ ಹದವಾಗಿ ಹುರಿಯುತ್ತದೆ, ಮರಳಲ್ಲಿ ಹುರಿದ ಘಮ ಇರುವುದಿಲ್ಲ ಅಷ್ಟೆ. ಆದರೆ ಮಕ್ಕಳಿಗೆ ಅದರಲ್ಲಿ ಮಾಡುವುದಕ್ಕೆ ಏನೂ ಇಲ್ಲ: ಗುಂಡಿ ಒತ್ತು, ಕಾಯಿ, ಟಿಂಗ್. ಚಕ್ಕುಲಿ ಒರಳಿನ ಹಿಡಿ ತಿರುಗಿಸಲು ಇಬ್ಬರೂ ಸರತಿಗೆ ನಿಲ್ಲುತ್ತಾರೆ. ನಮ್ಮ ಮನೆಯ ತೀರ್ಪು: ಒಂಟಿಯಾಗಿ ಅಡುಗೆ ಮಾಡಿಕೊಳ್ಳುವವರು, ಎಣ್ಣೆ ಕಡಿಮೆ ಮಾಡಲೇಬೇಕಾದವರು ಕೊಳ್ಳಲಿ, ಮಕ್ಕಳಿಗೋಸ್ಕರ ಕೊಳ್ಳಬೇಕಿಲ್ಲ.

ಎಲ್‌ಸಿಡಿ ಪಾಟಿ ಅಗ್ಗ, ಪಾಸು. ಬರೆಯುತ್ತಾರೆ, ಅಳಿಸುತ್ತಾರೆ, ಚುಕ್ಕಿ ಆಟ ಆಡುತ್ತಾರೆ, ನಾನು ದಿನಸಿ ಪಟ್ಟಿ ಬರೆಯುತ್ತೇನೆ. ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿ: ಬಟನ್ ಬ್ಯಾಟರಿ ಇರುವ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಆ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು, ‘ನಾಳೆ ತಾನಾಗೇ ಬರ್ತದೆ’ ಅಂತ ಕಾಯುವ ವಿಷಯವಲ್ಲ ಅದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆ, ಸಂತೆಯ ಬ್ಯಾಟರಿ ಆಟಿಕೆಗಳಲ್ಲಿ ಅದನ್ನು ಹುಡುಕಿ ನೋಡಿ.

ಟ್ಯಾಬಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರ ಮನೆ ಕಥೆಯೂ ಒಂದೇ. ಎರಡು ವರ್ಷದೊಳಗೆ ಬೇಡವೇ ಬೇಡ, ನಾಲ್ಕರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ವಯಸ್ಸು ದಾಟಿದ ಮಕ್ಕಳನ್ನು ಅಪ್ಪ ಅಮ್ಮನೇ ನೋಡಿಕೊಳ್ಳಬೇಕು, ಅಪ್ಪ ಅಮ್ಮನ ಕೈಯಲ್ಲಿ ಫೋನಿಲ್ಲದಿದ್ದರೆ.

ಟ್ಯಾಬನ್ನು ಮೂಲೆಗೆ ತಳ್ಳಿದ್ದು ಒಂದು ರಟ್ಟಿನ ಡಬ್ಬಿ. ಅದರೊಳಗೆ ರೇಷ್ಮೆಹುಳು.

ಹಿಂದೂಪುರ ರೇಷ್ಮೆಯ ಊರು. ಸರ್ಕಾರಿ ಗೂಡಿನ ಮಾರುಕಟ್ಟೆ ಇದೆ, ಪಕ್ಕದ ಕಿರಿಕೆರೆಯಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ, ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ. ಆದರೂ ಪೇಟೆಯ ಮಕ್ಕಳು ಬದುಕಿರುವ ಹುಳುವನ್ನು ಕಣ್ಣಾರೆ ಕಂಡಿರುವುದಿಲ್ಲ. ಪರಿಚಯದ ರೈತರೊಬ್ಬರು ನಾಲ್ಕನೇ ಜ್ವರ ಎದ್ದ ಹುಳುಗಳನ್ನು ಒಂದು ಹಿಡಿ ಕೊಟ್ಟರು. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲುಗದೆ ನಿಂತು ಹಳೇ ಚರ್ಮ ಕಳಚುವುದಕ್ಕೆ ರೈತರು ಜ್ವರ ಅನ್ನುತ್ತಾರೆ. ಇಡೀ ಜೀವನದಲ್ಲಿ ನಾಲ್ಕು ಜ್ವರ. ನಾಲ್ಕನೆಯದು ಮುಗಿಸಿ ಎದ್ದಿತೆಂದರೆ ಹಸಿವೋ ಹಸಿವು. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಈ ಕೊನೆಯ ಏಳೆಂಟು ದಿನದಲ್ಲೇ. ರಾತ್ರಿ ಫ್ಯಾನು ನಿಲ್ಲಿಸಿ ಕಿವಿಗೊಟ್ಟರೆ ಸೊಪ್ಪು ಕಡಿಯುವ ಸದ್ದು ಕೇಳಿಸುತ್ತದೆ. ಒದ್ದೆ ಸೊಪ್ಪು ಕೂಡದು, ಇರುವೆ ಬರಕೂಡದು, ಹಲ್ಲಿ ಬರಕೂಡದು. ಸೊಳ್ಳೆ ಬತ್ತಿ ಹಚ್ಚಿದರೆ ಹುಳು ಸಾಯುತ್ತದೆಂದು ರೈತರು ಎಚ್ಚರಿಸಿದ್ದರಿಂದ ಮನೆಮಂದಿಯೆಲ್ಲ ಸೊಳ್ಳೆ ಪರದೆಯೊಳಗೆ ಮಲಗಿದೆವು. ಬೆಳಿಗ್ಗೆ ಎಬ್ಬಿಸಲು ಗಂಟಲು ಹರಿಯಬೇಕಾಗಿದ್ದ ಮಗ ಅಷ್ಟೂ ದಿನ ತಾನೇ ಎದ್ದು ಸೊಪ್ಪು ಹಾಕಿದ.

ಒಂದು ದಿನ ಹುಳುಗಳು ತಿನ್ನುವುದು ಬಿಟ್ಟವು. ಮೈ ಬಿಳುಪು ಹೋಗಿ ಹಳದಿ ಹೊಳಪು ಬಂತು. ರೈತರನ್ನು ಫೋನಿನಲ್ಲಿ ವಿಚಾರಿಸಿದರೆ ‘ಹುಳು ಹಣ್ಣಾಗಿದೆ, ಚಂದ್ರಂಕಿಗೆ ಬಿಡಿ’ ಅಂದರು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿ ನಮ್ಮಲ್ಲೆಲ್ಲಿ? ಮೊಟ್ಟೆ ಜೋಡಿಸಿ ತರುವ ರಟ್ಟಿನ ತಟ್ಟೆಯ ಗುಳಿಗಳಲ್ಲಿ ಒಂದೊಂದನ್ನೇ ಇಟ್ಟೆವು. ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ, ಮೊದಲು ತೆಳ್ಳನೆ ಪರದೆ, ಆಮೇಲೆ ಒಳಗೆ ಮಬ್ಬಾಗಿ ಕಾಣುವ ಹುಳು, ಮೂರನೇ ದಿನಕ್ಕೆ ಗಟ್ಟಿ ಗೂಡು. ಒಳ್ಳೆಯ ಬೈವೋಲ್ಟೀನ್ ತಳಿಯ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರು ಉದ್ದದ ಒಂದೇ ಎಳೆ ಇರುತ್ತದೆ ಅಂದಾಗ ಮಗಳು ನಂಬಲಿಲ್ಲ. ಆಮೇಲೆ ಬಂತು ಕಷ್ಟದ ಪ್ರಶ್ನೆ: ‘ನೂಲು ತೆಗೆಯುವಾಗ ಒಳಗಿನ ಹುಳು ಏನಾಗ್ತದೆ?’ ಏನಾಗುತ್ತದೋ ಹಾಗೇ ಹೇಳಿದೆ. ಬಿಸಿಯಲ್ಲಿ ಸಾಯಿಸುತ್ತಾರೆ, ಚಿಟ್ಟೆ ಗೂಡು ತೂತು ಮಾಡಿ ಹೊರಬಂದರೆ ಎಳೆ ತುಂಡಾಗಿ ನೂಲು ಬಿಚ್ಚಲಾಗುವುದಿಲ್ಲ. ನನ್ನ ಮದುವೆಯ ಧರ್ಮಾವರಂ ಸೀರೆಯನ್ನು ಅವತ್ತು ಅವಳು ಬೇರೆ ಕಣ್ಣಿಂದ ನೋಡಿದಳು. ನಮ್ಮ ಗೂಡುಗಳನ್ನು ಹಾಗೇ ಬಿಟ್ಟೆವು. ಚಿಟ್ಟೆ ಹೊರಬಂದವು. ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ, ಏನನ್ನಾದರೂ ತಿನ್ನಲೂ ಬರುವುದಿಲ್ಲ. ಮೊಟ್ಟೆಯಿಟ್ಟು, ಕೆಲವೇ ದಿನದಲ್ಲಿ ಸತ್ತುಹೋದವು.

ಇಷ್ಟಕ್ಕೆ ಖರ್ಚಾದದ್ದು ಏನೂ ಇಲ್ಲ. ಶಾಲೆಯ ಮೇಷ್ಟ್ರುಗಳು ಮನಸ್ಸು ಮಾಡಿದರೆ ಶಿಡ್ಲಘಟ್ಟದಿಂದ ಹಿಂದೂಪುರದವರೆಗೆ ಯಾವ ತರಗತಿಯಲ್ಲೂ ಇದನ್ನು ಮಾಡಿಸಬಹುದು.

ಭಾನುವಾರದ ಬುತ್ತಿ

ಮಕ್ಕಳನ್ನು ದೇವಸ್ಥಾನಕ್ಕೆ ಕರೆದೊಯ್ದು ಕಲೆ, ಇತಿಹಾಸ ಅಂತ ಕೊರೆಯುವ ತಂದೆ ತಾಯಿಗಳನ್ನು ಲೇಪಾಕ್ಷಿಯಲ್ಲಿ ದಂಡಿಯಾಗಿ ನೋಡಬಹುದು. ಮಕ್ಕಳ ಮುಖವನ್ನೂ ನೋಡಬಹುದು. ಹಿಂದೂಪುರದಿಂದ 15 ಕಿಲೋಮೀಟರು. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 16ನೇ ಶತಮಾನದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರ ದೇಗುಲ. 2022ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ಇದಿಷ್ಟನ್ನು ಬಸ್ಸಿನಲ್ಲೇ ಹೇಳಿ ಮುಗಿಸಿಬಿಡಿ. ಒಳಗೆ ಹೋದ ಮೇಲೆ ಕೆಲಸ ಹಚ್ಚಿ.

ಮೊದಲ ಕೆಲಸ ನೇತಾಡುವ ಕಂಬ. ಸುಮಾರು 70 ಕಂಬಗಳ ಮಂಟಪದಲ್ಲಿ ಒಂದು ಮಾತ್ರ ನೆಲಕ್ಕೆ ಪೂರ್ತಿ ಊರಿಲ್ಲ. ಒಂದು ಬದಿಯಿಂದ ಟವೆಲು ತೂರಿಸಿ ಇನ್ನೊಂದು ಬದಿಯಿಂದ ಎಳೆಯಬೇಕು. ಒಂದು ಮೂಲೆ ಮಾತ್ರ ತಗಲುತ್ತದೆ, ಆ ಮೂಲೆ ಯಾವುದೆಂದು ಕಂಡುಹಿಡಿಯಬೇಕು. ಬ್ರಿಟಿಷ್ ಎಂಜಿನಿಯರ್ ಒಬ್ಬ ಇದರ ಗುಟ್ಟು ತಿಳಿಯಲು ಕಂಬವನ್ನು ಅಲುಗಿಸಿ ನೋಡಿದನಂತೆ, ಗೈಡುಗಳು ಹೇಳುತ್ತಾರೆ. ಎರಡನೇ ಕೆಲಸ ಅಕ್ಷರ ಬೇಟೆ. ಗುಡಿಯ ಗೋಡೆಗಳ ಮೇಲೆ ಕನ್ನಡ ಶಾಸನಗಳಿವೆ. ತೆಲುಗು ಕಲಿಯುವ ಮಕ್ಕಳಿಗೂ ಕನ್ನಡ ಕಲಿಯುವ ಮಕ್ಕಳಿಗೂ ಅಲ್ಲಲ್ಲಿ ಒಂದೆರಡು ಅಕ್ಷರ ಗುರುತು ಸಿಕ್ಕೇ ಸಿಗುತ್ತದೆ. ‘ಇದು ರ’, ‘ಅಲ್ಲ, ಇದು ನಮ್ಮ ಲ’ ಅಂತ ಶುರುವಾದ ಜಗಳ ಗಂಟೆ ಹೊತ್ತು ನಡೆಯಿತು. ಮೂರನೆಯದು, ನನಗೂ ಇಷ್ಟವಾದದ್ದು, ಅಂಗಳದ ಬಂಡೆಯಲ್ಲಿ ಕೊರೆದಿರುವ ತಟ್ಟೆಗಳು. ದುಂಡಗಿನ ತಟ್ಟೆ, ಒಳಗೆ ಪಲ್ಯ, ಚಟ್ನಿಗೆಂಬಂತೆ ಪುಟ್ಟ ಪುಟ್ಟ ಗುಳಿ. ಶಿಲ್ಪಿಗಳು ಉಣ್ಣುತ್ತಿದ್ದುದು ಇದರಲ್ಲೇ ಅನ್ನುವವರಿದ್ದಾರೆ, ಚಾವಣಿಯ ಚಿತ್ರಗಳಿಗೆ ಬಣ್ಣ ಕಲೆಸುತ್ತಿದ್ದುದು ಅನ್ನುವವರೂ ಇದ್ದಾರೆ. ಮಗ ಪಕ್ಕದಲ್ಲೇ ಕೂತು ಯಾವ ಗುಳಿಗೆ ಏನು ಬಡಿಸಬೇಕೆಂದು ಊಟದ ಪಟ್ಟಿ ಹೇಳಿದ. ಉಪ್ಪಿನಕಾಯಿಗೆ ಜಾಗ ಸಾಲದು ಎಂಬುದು ಅವನ ಆಕ್ಷೇಪ.

ಆಮೇಲೆ ಊರ ತುದಿಯ ನಂದಿ. ಒಂದೇ ಬಂಡೆಯದು, ಸುಮಾರು 27 ಅಡಿ ಉದ್ದ, 15 ಅಡಿ ಎತ್ತರ. ಇದನ್ನು ನೋಡುವುದಕ್ಕೆ ಯಾವ ಉಪಾಯವೂ ಬೇಡ, ಮಕ್ಕಳು ತಾವೇ ಓಡುತ್ತಾರೆ.

ಪೆನುಕೊಂಡದಲ್ಲಿ ದೊಡ್ಡವರಿಗೆ ಗಗನಮಹಲ್, 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಅರಸರು ಬಂದು ನೆಲೆಸಿದ ಊರೆಂಬ ಹೆಮ್ಮೆ. ಮಕ್ಕಳಿಗೆ ಬೇಕಾದದ್ದು ಕುಂಭಕರ್ಣ. ಸಿಮೆಂಟಿನ ಆ ಮಹಾಕಾಯ ಮಲಗಿದ್ದಾನೆ, ರಾಕ್ಷಸರು ಎಬ್ಬಿಸಲು ಒದ್ದಾಡುತ್ತಿದ್ದಾರೆ, ಹೊಟ್ಟೆಯೊಳಗೆ ಹೊಕ್ಕು ಬರಬಹುದು. ಶಿಲ್ಪಶಾಸ್ತ್ರದ ದೃಷ್ಟಿಯಿಂದ ನೋಡಬೇಡಿ. ಹಾಗೆ ನೋಡುವವರಿಗೆ ಅಮರಾಪುರಂ ಬಳಿಯ ಹೇಮಾವತಿ ಇದೆ, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಇದೇ. ಕಪ್ಪುಕಲ್ಲಿನ ಕಂಬಗಳ ಮುಂದೆ ನಾನು ಮೈಮರೆತೆ, ಮಕ್ಕಳು ಆಕಳಿಸಿದರು. ಹೈಸ್ಕೂಲಿಗೆ ಬಂದ ಮೇಲೆ ಕರಕೊಂಡು ಹೋಗಿ.

ಕದಿರಿ ಕಡೆಯ ತಿಮ್ಮಮ್ಮ ಮರ್ರಿಮಾನಿಗೆ ಬುತ್ತಿ ಕಟ್ಟಿಕೊಂಡು ಹೋಗಬೇಕು. ಸುಮಾರು ಐದು ಎಕರೆಗೆ ಹರಡಿದ ಒಂದೇ ಆಲದ ಮರ. 1989ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಅದನ್ನು ಹೊರಜಗತ್ತಿಗೆ ತೋರಿಸಿಕೊಟ್ಟವರು ಬೆಂಗಳೂರಿನ ಪತ್ರಕರ್ತ, ಛಾಯಾಗ್ರಾಹಕ ರಿಗ್ರೆಟ್ ಅಯ್ಯರ್. ಲೇಖನಗಳು ತಿರಸ್ಕಾರವಾಗಿ ಬಂದ ವಿಷಾದ ಪತ್ರಗಳನ್ನೆಲ್ಲ ಕೂಡಿಟ್ಟು, ಅದನ್ನೇ ಹೆಸರಾಗಿಸಿಕೊಂಡ ವಿಚಿತ್ರ ಮನುಷ್ಯ. ಇದು ಯಾವ ಬಿಳಲು, ಯಾವುದು ಮೂಲ ಕಾಂಡ ಅಂತ ಹುಡುಕುವುದು ಅಲ್ಲಿಯ ಆಟ; ಯಾರೂ ಗೆಲ್ಲುವುದಿಲ್ಲ.

ಕಲ್ಯಾಣದುರ್ಗಕ್ಕೆ ಹೋದಾಗ ತಿರುಗಾಟದ ಬಣ್ಣವೇ ಬೇರೆ. ದಾರಿಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯ ಸುತ್ತ, 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು. ಕಲ್ಯಾಣದುರ್ಗ, ಬೆಳುಗುಪ್ಪ ಕಡೆಯ ದಿಬ್ಬಗಳ ಮೇಲೆ ಗಾಳಿಯಂತ್ರಗಳು. ಮಳೆ ಕೊಡದ ಆಕಾಶ ಬಿಸಿಲನ್ನೂ ಗಾಳಿಯನ್ನೂ ಧಾರಾಳವಾಗಿ ಕೊಟ್ಟಿದೆ. ಯಾವ ರೆಕ್ಕೆ ನಿಂತಿದೆ, ಯಾವುದು ತಿರುಗುತ್ತಿದೆ ಎಂದು ಎಣಿಸುವುದರಲ್ಲೇ ಮಕ್ಕಳಿಗೆ ಬಸ್ಸಿನ ದಾರಿ ಸವೆಯುತ್ತದೆ. ರಾಯದುರ್ಗದಾಚೆ, ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿನಲ್ಲಿ ಮರಳುದಿಬ್ಬಗಳಿವೆ. ಸಿನಿಮಾದವರಿಗೆ ರಾಜಸ್ಥಾನದವರೆಗೆ ಹೋಗುವ ಖರ್ಚು ಉಳಿಸುವಂಥವು. ಮಕ್ಕಳು ಮೇಲಿನಿಂದ ಜಾರಿದ್ದೇ ಜಾರಿದ್ದು. ಆದರೆ ಅದು ಪ್ರವಾಸಿ ತಾಣವಲ್ಲ, ಹೊಲ. ಒಣಗಿದ ಹಗರಿ ಹೊಳೆಯ ಪಾತ್ರದಿಂದ ಗಾಳಿ ಹೊತ್ತು ತಂದ ಮರಳು ರೈತರ ಭೂಮಿಯನ್ನು ಮುಚ್ಚುತ್ತಾ ಬಂದಿದೆ. ಜಾರಿ ಆಡಿದ ಮೇಲೆ ಇದನ್ನೂ ಹೇಳಿದೆ. ‘ಹಾಗಾದರೆ ಕೆಳಗೆ ಕಡ್ಲೆಕಾಯಿ ಗಿಡ ಇದೆಯಾ?’ ಅಂತ ಮಗ ಕೇಳಿದ.

ಬಿಸಿಲಿನ ಊರುಗಳ ಈ ಓಡಾಟಕ್ಕೆ ನೀರು, ಮಜ್ಜಿಗೆ ಬುತ್ತಿಯಲ್ಲೇ ಇರಲಿ. ಅಂಗಡಿಯ ರಟ್ಟಿನ ಪೊಟ್ಟಣದ ಹಣ್ಣಿನ ಪಾನೀಯವನ್ನು ಓಆರ್‌ಎಸ್ ಅಂತ ನಂಬಿ ಭೇದಿಯಾದ ಮಕ್ಕಳಿಗೆ ಕುಡಿಸುತ್ತಿದ್ದ ಕಾಲವೊಂದಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತಿಲ್ಲದ ಪಾನೀಯಗಳು ಆ ಹೆಸರು ಹಾಕಿಕೊಳ್ಳಬಾರದೆಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು. ಔಷಧಿ ಅಂಗಡಿಯ ಪುಡಿ ಪೊಟ್ಟಣ ಎರಡು ಚೀಲದಲ್ಲಿರಲಿ.

ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಚಿಲಮತ್ತೂರು ಮಂಡಲದ ವೀರಾಪುರಕ್ಕೆ. ಟಿಕೆಟ್ಟಿನ ಕಮಾನು, ಬಣ್ಣದ ಕಾರಂಜಿಯ ಊರಲ್ಲ. ಹಳ್ಳಿಯ ಬೀದಿ, ಬೀದಿಯ ಮರ, ಮರದ ತುಂಬ ಬಣ್ಣದ ಕೊಕ್ಕರೆಗಳು. ಚಳಿಗಾಲ ಕಳೆಯುವ ಹೊತ್ತಿಗೆ ಬರುತ್ತವೆ, ಮನೆಗಳ ನೆತ್ತಿಯ ಮೇಲೇ ಗೂಡು ಕಟ್ಟಿ, ಮರಿ ಮಾಡಿ, ಮಳೆಗಾಲದಲ್ಲಿ ಹೊರಡುತ್ತವೆ. ಮದ್ದೂರಿನ ಕೊಕ್ಕರೆ ಬೆಳ್ಳೂರಿನ ಹಾಗೆ ಇಲ್ಲಿಯೂ ಊರವರೇ ಕಾವಲು. ಸೈಬೀರಿಯಾದಿಂದ ಬರುತ್ತವೆ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಅದು ನಿಜವಲ್ಲ, ಬಣ್ಣದ ಕೊಕ್ಕರೆ ನಮ್ಮ ಉಪಖಂಡದ್ದೇ ಹಕ್ಕಿ. ಮಗಳಿಗೆ ಒಂದು ಸಾಧಾರಣ ದುರ್ಬೀನು ಕೊಡಿಸಿದ್ದೆವು, ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು. ಆಟಿಕೆ ದುರ್ಬೀನು ಕೊಳ್ಳಬೇಡಿ, ಬರಿಗಣ್ಣೇ ವಾಸಿ. ಕೊಕ್ಕರೆಯ ಬೆನ್ನ ಹಿಂದಿನ ಗುಲಾಬಿ ಗರಿ, ಸುಡು ಬಿಸಿಲಿನಲ್ಲಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ನಿಂತ ತಾಯಿ, ಮೀನು ಕಕ್ಕುತ್ತಿದ್ದಂತೆ ಮುಗಿಬೀಳುವ ಮರಿಗಳು, ಎಲ್ಲವೂ ಕಂಡವು. ಕೆಳಗೆ ಹಿಕ್ಕೆಯ ನಾತ, ಮೀನಿನ ವಾಸನೆ. ಮೂಗು ಮುಚ್ಚಿಕೊಂಡು ಮಗ ಎರಡು ಗಂಟೆ ಕತ್ತೆತ್ತಿ ನಿಂತ. ವಾಪಸು ಬರುವಾಗ ಮತ್ತೆ ಯಾವಾಗ ಅಂತ ಕೇಳಿದ್ದೂ ಅವನೇ.

ಹೋಗುವವರು ಫೆಬ್ರುವರಿಯಿಂದ ಮೇ ನಡುವೆ, ಬೆಳಿಗ್ಗೆ ಬೇಗ ಹೋಗಿ. ಬೆಂಗಳೂರಿನಿಂದ ಹಿಂದೂಪುರಕ್ಕೆ ರೈಲಿದೆ, ಅಲ್ಲಿಂದ ಆಟೊ ಮಾಡಿಕೊಳ್ಳಬಹುದು. ಮರದ ಕೆಳಗೆ ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಬೇಡಿ. ಹೆದರಿ ಮೇಲೆದ್ದರೆ ಮರಿ ಕೆಳಗೆ ಬೀಳುತ್ತದೆ. ಚಿಪ್ಸ್ ಪೊಟ್ಟಣ ಒಯ್ದಿದ್ದರೆ ಖಾಲಿ ಪೊಟ್ಟಣ ನಿಮ್ಮ ಚೀಲದಲ್ಲೇ ವಾಪಸು ಬರಲಿ. ಮಕ್ಕಳ ತಲೆಗೊಂದು ಟೋಪಿ ಹಾಕಿ, ನಿಮಗೂ ಒಂದು. ಮೇಲಿನಿಂದ ಬೀಳುವುದು ಬಿಸಿಲೊಂದೇ ಅಲ್ಲ.